ಸರಾತೋವ್‌ಗೆ ಸಂಗೀತದ ಜಾಡು ಹಿಡಿದು

ಭಾನುವಾರ, ಮಾಸ್ಕೊ

ಸರಾತೋವ್ ರೈಲು ಇದ್ದದ್ದು ಸಂಜೆಗೆ. ಅಲ್ಲಿವರೆಗೂ ಪುರುಸೊತ್ತು. ಬಲ್ಶಾಯಾ ನಿಕಿಟ್ಸ್ಕಾಯಾ ಬೀದಿಗೆ ಹೋಗಿ ಮಾಸ್ಕೊ ಕನ್ಸರ್ವೇಟರಿಯ ಅಂಗಳದಲ್ಲಿ ಸುಮ್ನೆ ಕೂತೆ. ಕನ್ಸರ್ವೇಟರಿ ಅಂದರೆ ಸಂಗೀತದ ಉನ್ನತ ಕಾಲೇಜು. ಎದುರಿಗೆ ಚೈಕೋವ್‌ಸ್ಕಿಯ ಪ್ರತಿಮೆ. ಪಕ್ಕದ ಬೆಂಚಿಗೆ ಸೆಲ್ಲೋ ಪೆಟ್ಟಿಗೆ ಒರಗಿಸಿ ಒಬ್ಬ ಹುಡುಗಿ ಗಬಗಬ ಊಟ ಮಾಡುತ್ತಿದ್ದಳು.

ಮೈಸೂರು ಕಡೆಯವರಿಗೆ ಈ ಕಟ್ಟಡದ ಜೊತೆ ಒಂದು ಸಣ್ಣ ನಂಟಿದೆ. ನಿಕೊಲಾಯ್ ಮೆಟ್ನರ್ ಎಂಬ ಸಂಯೋಜಕರು ಓದಿದ್ದು ಇಲ್ಲೇ. 1900ರಲ್ಲಿ ಚಿನ್ನದ ಪದಕ ಪಡೆದರು. ಕ್ರಾಂತಿಯ ನಂತರ ದೇಶ ಬಿಟ್ಟು ಕೊನೆಗೆ ಲಂಡನ್ ಸೇರಿದರು. ವಯಸ್ಸಾಗಿ, ಕೈಯಲ್ಲಿ ಕಾಸಿಲ್ಲದ ಹೊತ್ತಿಗೆ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಚೆರ್ಟೋವನ್ನು ಮಹಾರಾಜರಿಗೇ ಅರ್ಪಿಸಿದರು.

ಮಾಸ್ಕೊ, ಪೀಟರ್ಸ್‌ಬರ್ಗ್‌ಗಳ ಸಂಗೀತದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಬೇಕಿದ್ದದ್ದು ಬೇರೆ. ರಾಜಧಾನಿಯಿಂದ ಎಂಟುನೂರು ಕಿಲೋಮೀಟರ್‌ಗೂ ಜಾಸ್ತಿ ದೂರದ, ಗೋಧಿ ಹಿಟ್ಟು ಮಾರಿ ಬದುಕುತ್ತಿದ್ದ ವೋಲ್ಗಾ ದಂಡೆಯ ಊರೊಂದು ರಷ್ಯಾದ ಮೂರನೇ ಕನ್ಸರ್ವೇಟರಿಯನ್ನು ಹೇಗೆ ಪಡೆಯಿತು? ಕೀವ್, ಒಡೆಸ್ಸಾಗಳಿಗಿಂತಲೂ ಮೊದಲೇ!

ಪಾವೆಲೆಟ್ಸ್ಕಿ ನಿಲ್ದಾಣದಿಂದ ರೈಲು ಹೊರಟಿತು. ಬೋಗಿ ನೋಡಿಕೊಳ್ಳುವ ಹೆಂಗಸು ಲೋಹದ ಹಿಡಿಯೊಳಗೆ ಕೂರಿಸಿದ ಗಾಜಿನ ಲೋಟದಲ್ಲಿ ಚಹಾ ತಂದುಕೊಟ್ಟರು. ಎದುರಿನ ಸೀಟಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ. ನಿವೃತ್ತ ಸಂಗೀತ ಟೀಚರ್ ಅಂತ ಗೊತ್ತಾದಾಗ ನನ್ನ ಅದೃಷ್ಟ ನನಗೇ ನಂಬಲಾಗಲಿಲ್ಲ. ಅವರ ಅರೆಬರೆ ಇಂಗ್ಲಿಷು, ನನ್ನ ಮೊಬೈಲಿನ ಅನುವಾದ, ಜೊತೆಗೆ ಕೈಸನ್ನೆ. ಮಾತು ಸಾಗಿತು.

ಅವರು ಮೂರು ಬೆರಳು ಮಡಚಿ ವಿವರಿಸಿದರು. ಮೊದಲು ಮಕ್ಕಳ ಸಂಗೀತ ಶಾಲೆ, ಏಳು ವರ್ಷ. ಇದು ಮಾಮೂಲಿ ಶಾಲೆ ಬಿಟ್ಟ ಮೇಲೆ ಮಧ್ಯಾಹ್ನ ಹೋಗುವಂಥದ್ದು. ಆಮೇಲೆ ಉಚಿಲಿಶ್ಚೆ, ಅಂದರೆ ನಮ್ಮ ಡಿಪ್ಲೊಮಾ ಕಾಲೇಜಿನ ಥರ, ನಾಲ್ಕು ವರ್ಷ. ಕೊನೆಗೆ ಕನ್ಸರ್ವೇಟರಿ, ಐದು ವರ್ಷ. ಲೆಕ್ಕ ಹಾಕಿದರೆ ಹದಿನಾರು ವರ್ಷ. ವಾದ್ಯ ಯಾವುದಾದರೂ ಇರಲಿ, ಸೋಲ್ಫೆಜಿಯೊ ತಪ್ಪುವುದಿಲ್ಲ. ಟೀಚರ್ ಪಿಯಾನೋದಲ್ಲಿ ಒಂದು ರಾಗ ನುಡಿಸುತ್ತಾರೆ, ಮಕ್ಕಳು ಕೇಳಿಸಿಕೊಂಡು ಸ್ವರ ಬರೆಯಬೇಕು. ನಮ್ಮ ಶಾಲೆಯ ಉಕ್ತಲೇಖನ ಇದ್ದ ಹಾಗೆಯೇ! ಅಜ್ಜಿ ಕಲಿಸುತ್ತಿದ್ದದ್ದೂ ಅದನ್ನೇ. "ಮಕ್ಕಳಿಗೆಲ್ಲ ನನ್ನ ಕಂಡರೆ ಆಗ್ತಿರಲಿಲ್ಲ" ಅಂತ ನಕ್ಕರು.

ಸೋವಿಯತ್ ಕಾಲದಲ್ಲಿ ಓದು ಮುಗಿಸಿದವರಿಗೆ ಕೆಲಸ ಹುಡುಕುವ ಚಿಂತೆ ಇರಲಿಲ್ಲ. ಸರ್ಕಾರವೇ ಊರು ಗೊತ್ತು ಮಾಡಿ ಕಳಿಸುತ್ತಿತ್ತು. ಸಾಮಾನ್ಯವಾಗಿ ಮೂರು ವರ್ಷ ಅಲ್ಲಿ ದುಡಿಯಲೇಬೇಕು. ಇಪ್ಪತ್ತಮೂರರ ಹುಡುಗಿಯಾಗಿದ್ದಾಗ ಇವರನ್ನು ಸ್ಟೆಪ್ ಬಯಲಿನ ನಡುವಿನ ಒಂದು ಪುಟ್ಟ ಊರಿಗೆ ಹಾಕಿದರಂತೆ. ಅಲ್ಲಿ ಇದ್ದದ್ದು ಎರಡೇ ಪಿಯಾನೋ, ಒಂದರ ಕಾಲು ಮುರಿದಿತ್ತಂತೆ. ಮೂರು ವರ್ಷಕ್ಕೆ ಅಂತ ಹೋದವರು ಅಲ್ಲೇ ಮದುವೆಯಾಗಿ ಮೂವತ್ತು ವರ್ಷ ಉಳಿದುಬಿಟ್ಟರು.

ಸೋಮವಾರ, ನಿಕೊಲ್ಸ್ಕಾಯಾದ ಮೂಲೆ

ಸರಾತೋವ್ ಗಡಿಯಾರ ಮಾಸ್ಕೊಗಿಂತ ಒಂದು ಗಂಟೆ ಮುಂದೆ. ನಿಲ್ದಾಣಕ್ಕೆ ಹಾಸನದ ಹುಡುಗನೊಬ್ಬ ಬಂದಿದ್ದ. ಗೆಳತಿಯ ಅಣ್ಣನ ಮಗ, ಇಲ್ಲಿ ಮೆಡಿಕಲ್ ಓದುತ್ತಿದ್ದಾನೆ. ಅಜ್ಜಿ ಇಳಿಯುವಾಗ ಒಂದು ಫೋನ್ ನಂಬರ್ ಬರೆದುಕೊಟ್ಟರು. ಅವರ ಹಳೇ ವಿದ್ಯಾರ್ಥಿಯೊಬ್ಬರು ಈಗ ಕನ್ಸರ್ವೇಟರಿಯಲ್ಲೇ ಪಾಠ ಮಾಡುತ್ತಾರಂತೆ.

ಊರಿನ ನಡುವೆ ಒಂದು ಉದ್ದನೆ ಬೀದಿ. ವಾಹನಗಳಿಲ್ಲ, ಬರೀ ನಡೆಯುವವರು. ತ್ಸಾರ್ ಕಾಲದಲ್ಲಿ ಇದು ನೆಮೆಟ್ಸ್ಕಾಯಾ, ಅಂದರೆ ಜರ್ಮನ್ನರ ಬೀದಿ. ಸೋವಿಯತ್ ಕಾಲದಲ್ಲಿ ಕಿರೋವ್. ಈಗ ಸ್ಟಾಲಿಪಿನ್. ಆ ಸ್ಟಾಲಿಪಿನ್ ಪ್ರಧಾನಿಯಾಗುವ ಮುಂಚೆ ಇಲ್ಲಿ ಗವರ್ನರ್ ಆಗಿದ್ದವರು. ಅದೇ ಬೀದಿ ಹಳೆಯ ನಿಕೊಲ್ಸ್ಕಾಯಾ, ಈಗಿನ ರಾದಿಷೆವ್ ಬೀದಿಯನ್ನು ಸೇರುವ ಮೂಲೆಯಲ್ಲಿ ಕನ್ಸರ್ವೇಟರಿ ಇದೆ.

ಚೂಪು ಗೋಪುರಗಳು, ಉದ್ದ ಕಿಟಕಿಗಳು, ಗೋಡೆಯಿಂದ ಹೊರಚಾಚಿ ನೋಡುವ ವಿಚಿತ್ರ ಪ್ರಾಣಿಗಳು. ಜರ್ಮನಿಯ ಯಾವುದೋ ಹಳೇ ಊರಿನಿಂದ ಎತ್ತಿ ತಂದು ಇಟ್ಟಂತಿದೆ.

"ಅಕ್ಕಾ, ಮೂರು ವರ್ಷದಿಂದ ದಿನಾ ಇದರ ಮುಂದೆ ಓಡಾಡ್ತೀನಿ. ಚರ್ಚು ಅಂದ್ಕೊಂಡಿದ್ದೆ" ಅಂದ ಹುಡುಗ.

"ಒಳಗಿಂದ ಪಿಯಾನೋ ಕೇಳಿಸ್ತಾನೇ ಇರುತ್ತಲ್ಲೋ?"

"ಚರ್ಚಲ್ಲೂ ನುಡಿಸ್ತಾರಲ್ಲ ಅಕ್ಕಾ."

ವಾದಕ್ಕೆ ಉತ್ತರ ಇರಲಿಲ್ಲ. ಮೊದಲು ಈ ಕಟ್ಟಡಕ್ಕೆ ಇಷ್ಟು ಅಲಂಕಾರ ಇರಲಿಲ್ಲ. 1902ರಲ್ಲಿ ಅಲೆಕ್ಸಾಂಡರ್ ಯಾಗ್ನ್ ಎಂಬ ವಾಸ್ತುಶಿಲ್ಪಿ ಸಂಗೀತ ಶಾಲೆಗಾಗಿ ಕಟ್ಟಿದ ಸರಳ ಮನೆ ಇದು. ಕನ್ಸರ್ವೇಟರಿ ಆಗುತ್ತದೆ ಅಂತ ಖಚಿತವಾಗುವ ಹೊತ್ತಿಗೆ ಸೆಮ್ಯೊನ್ ಕಲಿಸ್ತ್ರಾತೋವ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ಅದಕ್ಕೆ ಗಾಥಿಕ್ ವೇಷ ತೊಡಿಸಿದರು. ಹೊಸ ಪದವಿಗೆ ತಕ್ಕ ಹೊಸ ಅಂಗಿ.

ಸ್ವಲ್ಪ ಮುಂದೆ ಬೀದಿಯಲ್ಲೇ ಹಾರ್ಮೋನಿಕಾ ನುಡಿಸುವವನ ಕಂಚಿನ ಪ್ರತಿಮೆ ಇದೆ. ಇದು ಬಾಯಲ್ಲಿ ಊದುವ ಹಾರ್ಮೋನಿಕಾ ಅಲ್ಲ, ತಿದಿ ಒತ್ತಿ ನುಡಿಸುವ ಪುಟ್ಟ ಪೆಟ್ಟಿಗೆ. ಸರಾತೋವ್ ಹಾರ್ಮೋನಿಕಾಕ್ಕೆ ಗಂಟೆಗಳಿರುತ್ತವೆ. ಎಡಗೈ ಗುಂಡಿ ಒತ್ತಿದಾಗೆಲ್ಲ ಟಿಣ್ ಅನ್ನುತ್ತವೆ. ನಿಕೊಲಾಯ್ ಕರೇಲಿನ್ ಅನ್ನುವವರು 1870ರಲ್ಲಿ ಇದನ್ನು ಮಾಡುವ ಕಾರ್ಯಾಗಾರ ತೆರೆದದ್ದು ಇದೇ ನಿಕೊಲ್ಸ್ಕಾಯಾ ಬೀದಿಯಲ್ಲಿ. ಒಂದೇ ಬೀದಿಯಲ್ಲಿ ಮದುವೆಮನೆಯಲ್ಲಿ ನುಡಿಸುವ ವಾದ್ಯವೂ ಹುಟ್ಟಿತು, ನಾಲ್ಕು ದಶಕದ ನಂತರ ಬಾಖ್ ಕಲಿಸುವ ಕನ್ಸರ್ವೇಟರಿಯೂ ಎದ್ದಿತು. ಬಹಳ ಕಾಲ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ ಅನ್ನಿ.

ರಾತ್ರಿ ಸರಾತೋವ್ ಕಲಾಚ್ ತಂದೆವು. ಎತ್ತರಕ್ಕೆ ಉಬ್ಬಿದ ಗೋಧಿ ಬ್ರೆಡ್. ಅಂಗೈಯಲ್ಲಿ ಅದುಮಿ ಬಿಟ್ಟರೆ ಮತ್ತೆ ಮೇಲೇಳುತ್ತದೆ. ಹುಡುಗ ಚಟ್ನಿಪುಡಿ ಡಬ್ಬಿ ತೆಗೆದ. ಸಸ್ಯಾಹಾರಿಯ ಊಟದ ಸಮಸ್ಯೆ ಅಲ್ಲಿಗೆ ಮುಗಿಯಿತು.

ಮಂಗಳವಾರ, ಒಳಗೆ

ಬಂದದ್ದೇ ಇದಕ್ಕೆ. ಅಜ್ಜಿಯ ಹಳೇ ವಿದ್ಯಾರ್ಥಿ ಬಾಗಿಲಲ್ಲೇ ಕಾದಿದ್ದರು. ಐವತ್ತರ ಹೆಂಗಸು, ಇಂಗ್ಲಿಷ್ ಚೆನ್ನಾಗಿತ್ತು. ಕಾರಿಡಾರಿನಲ್ಲಿ ಕಾಲಿಟ್ಟ ತಕ್ಷಣ ಒಂದು ಬಾಗಿಲಿನಿಂದ ಶೋಪ್ಯಾನ್, ಇನ್ನೊಂದರಿಂದ ಟ್ರಂಪೆಟ್, ಮೇಲಿನಿಂದ ಯಾರದೋ ಗಂಟಲು ಸಾಧನೆ. ನನಗೆ ತಲೆ ಗಿಂವ್ ಅಂತಿತ್ತು. ಅವರಿಗೆ ಏನೂ ಕೇಳಿಸುತ್ತಲೇ ಇಲ್ಲವೇನೋ ಅನ್ನೋ ಥರ ಮಾತಾಡುತ್ತಾ ನಡೆದರು.

ಕಥೆ ಶುರುವಾಗುವುದು ಪೀಟರ್ಸ್‌ಬರ್ಗ್‌ನಲ್ಲಿ. ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೂ ರಷ್ಯಾದಲ್ಲಿ ಸಂಗೀತಗಾರ ಅನ್ನುವುದು ಕಾನೂನಿನ ಲೆಕ್ಕದಲ್ಲಿ ಒಂದು ವೃತ್ತಿಯೇ ಆಗಿರಲಿಲ್ಲ. ಸಿರಿವಂತರು ಹವ್ಯಾಸಕ್ಕೆ ನುಡಿಸುತ್ತಿದ್ದರು, ಹೊಟ್ಟೆಪಾಡಿಗೆ ನುಡಿಸುವವರು ಹೆಚ್ಚಾಗಿ ವಿದೇಶಿಯರು ಇಲ್ಲವೇ ಜೀತದಾಳುಗಳು. ಪಿಯಾನೋದಲ್ಲಿ ಯುರೋಪೆಲ್ಲ ಹೆಸರು ಮಾಡಿದ್ದ ಅಂತೋನ್ ರೂಬಿನ್‌ಸ್ಟೈನ್ ಒಮ್ಮೆ ಚರ್ಚಿಗೆ ಹೋದಾಗ ದಾಖಲೆ ಬರೆಯುವವನು ಕಸುಬು ಕೇಳಿದನಂತೆ. ಕಲಾವಿದ ಅಂದರು. ನಾಟಕ ಕಂಪನಿಯಲ್ಲಿ ನೌಕರಿಯೇ? ಅಲ್ಲ. ಎಲ್ಲಾದರೂ ಮೇಷ್ಟ್ರೇ? ಅಲ್ಲ. ಸರ್ಕಾರಿ ಕೆಲಸವೇ? ಅಲ್ಲ. ಕೊನೆಗೆ ಅಪ್ಪ ಯಾರು ಅಂತ ಕೇಳಿ, ಎರಡನೇ ದರ್ಜೆ ವ್ಯಾಪಾರಿಯ ಮಗ ಅಂತ ಬರೆದುಕೊಂಡನಂತೆ. ಇದನ್ನು ರೂಬಿನ್‌ಸ್ಟೈನ್ ಅವರೇ ನೆನಪಿಸಿಕೊಂಡಿದ್ದಾರೆ.

ಆಮೇಲೆ ಅದೇ ರೂಬಿನ್‌ಸ್ಟೈನ್ ಮುಂದೆ ನಿಂತು ಕಟ್ಟಿದ್ದು 1859ರಲ್ಲಿ ರಷ್ಯನ್ ಸಂಗೀತ ಸಂಘ, 1862ರಲ್ಲಿ ಪೀಟರ್ಸ್‌ಬರ್ಗ್ ಕನ್ಸರ್ವೇಟರಿ, 1866ರಲ್ಲಿ ಅವರ ತಮ್ಮ ನಿಕೊಲಾಯ್ ನೇತೃತ್ವದಲ್ಲಿ ಮಾಸ್ಕೊ ಕನ್ಸರ್ವೇಟರಿ. ಇಲ್ಲಿ ಪಾಸಾದವರಿಗೆ 'ಸ್ವತಂತ್ರ ಕಲಾವಿದ' ಅನ್ನುವ ಪದವಿ. ಅದು ಗೋಡೆಗೆ ತೂಗುಹಾಕುವ ಬರೀ ಕಾಗದ ಆಗಿರಲಿಲ್ಲ. ಸಮಾಜದಲ್ಲಿ ಒಂದು ಅಂತಸ್ತು, ತಲೆಗಂದಾಯದಿಂದ ಬಿಡುಗಡೆ, ಇನ್ನೂ ಏನೇನೋ ಹಕ್ಕು. ವಾಸಕ್ಕೆ ನಿರ್ಬಂಧ ಇದ್ದ ಯಹೂದಿ ಮಕ್ಕಳಿಗಂತೂ ದೊಡ್ಡ ಊರುಗಳ ಬಾಗಿಲು ತೆರೆಯುವ ಕೀಲಿ.

ಸರಾತೋವ್‌ನಲ್ಲಿ ಸಂಘದ ಶಾಖೆ ಶುರುವಾದದ್ದು 1873ರಲ್ಲಿ. ಜೊತೆಗೆ ಸಂಗೀತ ತರಗತಿಗಳು. 1883ರಲ್ಲಿ ಸ್ತಾನಿಸ್ಲಾವ್ ಎಕ್ಸ್‌ನರ್ ಎಂಬ ಪಿಯಾನೋ ವಾದಕರು ಬಂದರು. ಇಪ್ಪತ್ತನಾಲ್ಕರ ಹುಡುಗ. ಇಡೀ ಕಥೆಯಲ್ಲಿ ನನಗೆ ಇಷ್ಟವಾದವರು ಇವರೇ. ಮಾಸ್ಕೊಗೆ ಓಡಿಹೋಗದೆ ಮೂರು ದಶಕ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂತರು. 1895ರಲ್ಲಿ ತರಗತಿಗಳು ಉಚಿಲಿಶ್ಚೆ ಆದವು. 1902ರಲ್ಲಿ ಸ್ವಂತ ಕಟ್ಟಡ. ಆದರೆ ಉಚಿಲಿಶ್ಚೆ ಎಷ್ಟೇ ಚೆನ್ನಾಗಿ ಕಲಿಸಿದರೂ ಆ 'ಸ್ವತಂತ್ರ ಕಲಾವಿದ' ಪದವಿ ಕೊಡುವ ಹಾಗಿರಲಿಲ್ಲ. ಪ್ರತಿಭೆ ಇದ್ದ ಮಕ್ಕಳು ಕೊನೆಯ ಪರೀಕ್ಷೆಗೆ ರಾಜಧಾನಿಗೇ ಹೋಗಬೇಕು, ಹೋದವರು ವಾಪಸ್ ಬರುವುದು ಕಡಿಮೆ. ಕನ್ಸರ್ವೇಟರಿ ಬೇಕೇಬೇಕು ಅಂತ ಎಕ್ಸ್‌ನರ್ ಹಟ ಹಿಡಿದದ್ದು ಸುಮ್ಮನೆ ಅಲ್ಲ.

ಊರಿಗೂ ಆ ಆಸೆ ಇತ್ತು. 1897ರ ಜನಗಣತಿಯಲ್ಲಿ ಸರಾತೋವ್ ಜನಸಂಖ್ಯೆ 1,37,000. ವೋಲ್ಗಾ ದಂಡೆಯಲ್ಲೇ ಅತಿ ದೊಡ್ಡ ಊರು, ಕಜಾನ್‌ಗಿಂತಲೂ ದೊಡ್ಡದು. ಜರ್ಮನ್ ಮನೆತನಗಳ ಹಿಟ್ಟಿನ ಗಿರಣಿಗಳು ಹಗಲು ರಾತ್ರಿ ತಿರುಗುತ್ತಿದ್ದವು. 1885ರಲ್ಲೇ ರಾಜಧಾನಿಗಳ ಹೊರಗಿನ ಮೊದಲ ಸಾರ್ವಜನಿಕ ಕಲಾ ಸಂಗ್ರಹಾಲಯ, 1909ರಲ್ಲಿ ವಿಶ್ವವಿದ್ಯಾಲಯ. ದುಡ್ಡು ಮಾಡಿದ ಊರು ಮರ್ಯಾದೆಯನ್ನೂ ಕೊಂಡುಕೊಳ್ಳಲು ನೋಡುತ್ತೆ ಅಲ್ವಾ? ಇದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಹಳೆಯ ಪಂಚಾಂಗದ ಪ್ರಕಾರ 1912ರ ಅಕ್ಟೋಬರ್ 21ರಂದು ಕನ್ಸರ್ವೇಟರಿ ತೆರೆಯಿತು. ಕೀವ್, ಒಡೆಸ್ಸಾಗಳಿಗೆ ಆ ಭಾಗ್ಯ ಬಂದದ್ದು ಮರುವರ್ಷ.

ಪಾಠ ಮಾಡಲು ಬಂದವರೇನೂ ಸಾಮಾನ್ಯರಲ್ಲ. ಹಾಡುಗಾರಿಕೆಗೆ ಮಿಖಾಯಿಲ್ ಮೆದ್ವೆದೆವ್. 1879ರಲ್ಲಿ ಚೈಕೋವ್‌ಸ್ಕಿಯ 'ಯೆವ್ಗೆನಿ ಅನ್ಯೇಗಿನ್' ಒಪೆರಾವನ್ನು ಮಾಸ್ಕೊದ ವಿದ್ಯಾರ್ಥಿಗಳು ಮೊಟ್ಟಮೊದಲ ಬಾರಿಗೆ ಆಡಿದಾಗ ಲೆನ್‌ಸ್ಕಿ ಪಾತ್ರ ಹಾಡಿದ್ದವರು. ಸಂಗೀತಶಾಸ್ತ್ರಕ್ಕೆ ಗಿಯೋರ್ಗಿ ಕೋನ್ಯುಸ್. ಮುಂದೆ ದೊಡ್ಡ ಸಂಯೋಜಕರಾದ ಸ್ಕ್ರ್ಯಾಬಿನ್‌ಗೆ ಬಾಲ್ಯದಲ್ಲಿ ಪಿಯಾನೋ ಹೇಳಿಕೊಟ್ಟಿದ್ದವರು. ಕಟ್ಟಡ ಅಳೆಯುವ ಎಂಜಿನಿಯರ್ ಹಾಗೆ ಒಂದೊಂದು ಕೃತಿಯನ್ನೂ ತಾಳದ ಲೆಕ್ಕದಲ್ಲಿ ಅಳೆದು, ಅದರ ಭಾಗಗಳು ಹೇಗೆ ಒಂದಕ್ಕೊಂದು ಸರಿದೂಗುತ್ತವೆ ಅಂತ ತೋರಿಸುವ ಹುಚ್ಚು ಅವರಿಗೆ. ಮಾಸ್ಕೊ ಕನ್ಸರ್ವೇಟರಿಯ ನಿರ್ದೇಶಕರ ಜೊತೆ ಜಗಳವಾಗಿ 1899ರಲ್ಲಿ ಅಲ್ಲಿಂದ ಹೊರಬಿದ್ದಿದ್ದರು. ಸೆಲ್ಲೋಗೆ ಸೆಮ್ಯೊನ್ ಕೊಜೊಲೂಪೊವ್. ಮುಂದೆ ಮಾಸ್ಕೊದಲ್ಲಿ ಹೆಸರಾಂತ ಸೆಲ್ಲೋ ವಾದಕ ರೊಸ್ತ್ರಪೋವಿಚ್ ಇವರ ಶಿಷ್ಯರಾದರು.

ಈ ದೊಡ್ಡವರಲ್ಲಿ ಹಲವರು ಕೆಲವೇ ವರ್ಷ ಇದ್ದು ಹೊರಟುಹೋದರು. ರಾಜಧಾನಿಯ ಸೆಳೆತ ಬಿಡಬೇಕಲ್ಲ. ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧ, 1921ರಲ್ಲಿ ವೋಲ್ಗಾ ಸೀಮೆಯ ಭೀಕರ ಬರ. ಇಷ್ಟೆಲ್ಲದರ ನಡುವೆ ಪಾಠ ನಡೆದದ್ದೇ ಹೆಚ್ಚು. 1920ರ ದಶಕದಲ್ಲಿ ಸರ್ಕಾರ ಕನ್ಸರ್ವೇಟರಿ ಪಟ್ಟ ಕಿತ್ತುಕೊಂಡು ಟೆಕ್ನಿಕಮ್, ಅಂದರೆ ಡಿಪ್ಲೊಮಾ ಮಟ್ಟದ ಕಾಲೇಜು ಮಾಡಿತು. ಅಷ್ಟು ಕಷ್ಟಪಟ್ಟು ಹತ್ತಿದ ಮೆಟ್ಟಿಲನ್ನು ಮತ್ತೆ ಇಳಿದಂತಾಯಿತು. 1935ರಲ್ಲಿ ಪಟ್ಟ ವಾಪಸ್ ಬಂತು. ಜೊತೆಗೆ ಹಿಂದಿನ ವರ್ಷ ತೀರಿಕೊಂಡಿದ್ದ ಗಾಯಕ ಲಿಯೊನಿದ್ ಸೋಬಿನೋವ್ ಅವರ ಹೆಸರೂ ಬಂತು. ಸೋಬಿನೋವ್ ಹುಟ್ಟಿದ್ದು ಯಾರೊಸ್ಲಾವ್ಲ್‌ನಲ್ಲಿ, ಮೆರೆದದ್ದು ಮಾಸ್ಕೊದಲ್ಲಿ. ನನ್ನನ್ನು ಕೇಳಿದ್ದರೆ ಎಕ್ಸ್‌ನರ್ ಹೆಸರಿಡಿ ಅಂತಿದ್ದೆ. ಅವರು ತೀರಿಕೊಂಡದ್ದೂ 1934ರಲ್ಲೇ.

ದೊಡ್ಡ ಸಭಾಂಗಣದಲ್ಲಿ ಯಾರೋ ಪಿಯಾನೋ ಶ್ರುತಿ ಮಾಡುತ್ತಿದ್ದರು. ಒಂದೇ ಸ್ವರವನ್ನು ಟಣ್ ಟಣ್ ಅಂತ ನೂರು ಸಲ. ಟೀಚರ್ ಸಾಲು ಕುರ್ಚಿ ತೋರಿಸಿ 1941ರ ಕಥೆ ಹೇಳಿದರು. ಜರ್ಮನ್ ಸೇನೆ ಮಾಸ್ಕೊ ಸಮೀಪಿಸಿದಾಗ ಮಾಸ್ಕೊ ಕನ್ಸರ್ವೇಟರಿಯನ್ನೇ ಇಲ್ಲಿಗೆ ಸಾಗಿಸಿದರು. 1943ರವರೆಗೆ ಎರಡೂ ಒಂದಾಗಿ ಇದೇ ಛಾವಣಿಯಡಿ ನಡೆದವು. ಮಾಸ್ಕೊ ಆರ್ಟ್ ಥಿಯೇಟರ್ ಕೂಡ ಊರಿಗೆ ಬಂದಿತ್ತು. ಪ್ರೊಫೆಸರ್‌ಗಳು ಹಗಲು ಪಾಠ ಹೇಳಿ, ಸಂಜೆ ಗಾಯಾಳು ಸೈನಿಕರ ಆಸ್ಪತ್ರೆಗಳಲ್ಲಿ ಕಛೇರಿ ಮಾಡುತ್ತಿದ್ದರು. ಎಕ್ಸ್‌ನರ್ ಮಕ್ಕಳನ್ನು ಮಾಸ್ಕೊಗೆ ಕಳಿಸಿ ಕಳಿಸಿ ಸುಸ್ತಾಗಿದ್ದರಲ್ಲ, ಕೊನೆಗೆ ಮಾಸ್ಕೊವೇ ಅವರ ಮನೆ ಬಾಗಿಲಿಗೆ ಬಂತು. ನೋಡಲು ಅವರಿರಲಿಲ್ಲ.

ಹೊರಡುವ ಮುಂಚೆ ರುಸ್ಲಾನೊವಾ ಬಗ್ಗೆ ಕೇಳಿದೆ. ಲಿದಿಯಾ ರುಸ್ಲಾನೊವಾ ಈ ಸೀಮೆಯ ಬಡ ಅನಾಥ ಹುಡುಗಿ. ಚರ್ಚಿನಲ್ಲಿ ಹಾಡುತ್ತಿದ್ದಳು, ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಮೆದ್ವೆದೆವ್ ಅವರ ಕಿವಿಗೆ ಬಿದ್ದು ಇಲ್ಲಿ ಪಾಠಕ್ಕೆ ಸೇರಿದಳು. ಸ್ವಲ್ಪ ಕಾಲ ಕಲಿತು, ಈ ಶಾಸ್ತ್ರೀಯ ದಾರಿ ತನ್ನದಲ್ಲ ಅಂತ ಬಿಟ್ಟು ಹೊರಟಳು. ಜನಪದ ಹಾಡುಗಳಿಂದ ಇಡೀ ದೇಶದ ಮನೆಮಾತಾದಳು. 1945ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ, ರೈಷ್‌ಟಾಗ್ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಸೈನಿಕರಿಗಾಗಿ ಹಾಡಿದಳು.

"ನಮ್ಮಲ್ಲಿ ಓದು ಬಿಟ್ಟವರಲ್ಲಿ ಅತಿ ಹೆಸರುವಾಸಿ ಅವರೇ" ಅಂದರು ಟೀಚರ್. "ಓದು ಮುಗಿಸಿದವರ ಹೆಸರು ನೀವು ಕೇಳಿರಲ್ಲ. ಅವರೆಲ್ಲ ಶಾಲೆಗಳಲ್ಲಿದ್ದಾರೆ."

ಬುಧವಾರ, ಎಂಗೆಲ್ಸ್

ಬಸ್ಸು ವೋಲ್ಗಾ ಸೇತುವೆ ದಾಟಿತು. ಸುಮಾರು 2.8 ಕಿಲೋಮೀಟರ್, 1965ರಲ್ಲಿ ಕಟ್ಟಿದ್ದು. ಆಚೆ ದಂಡೆಯಲ್ಲಿ ಎಂಗೆಲ್ಸ್, ಹಳೆಯ ಹೆಸರು ಪೊಕ್ರೊವ್ಸ್ಕ್. ಎಲ್ಟನ್ ಸರೋವರದ ಉಪ್ಪು ಸಾಗಿಸುವವರು ಕಟ್ಟಿದ ಊರು. ಬೆನ್ನ ಮೇಲೆ ಉಪ್ಪಿನ ಬಟ್ಟಲು ಹೊತ್ತ ಎತ್ತಿನ ಪ್ರತಿಮೆ ಅದಕ್ಕೇ. ಹುಡುಗ ಎತ್ತಿನ ಜೊತೆ ಸೆಲ್ಫಿ ತೆಗೆದುಕೊಂಡು ಊರಿಗೆ ಕಳಿಸಿದ.

ಸಂಯೋಜಕ ಆಲ್ಫ್ರೆಡ್ ಶ್ನಿಟ್ಕೆ 1934ರಲ್ಲಿ ಹುಟ್ಟಿದ್ದು ಇಲ್ಲಿ. ಆಗ ಇದು ವೋಲ್ಗಾ ಜರ್ಮನ್ನರ ಸ್ವಾಯತ್ತ ಗಣರಾಜ್ಯದ ರಾಜಧಾನಿ. ತಾಯಿ ಜರ್ಮನ್, ತಂದೆ ಯಹೂದಿ. 1941ರಲ್ಲಿ ಜರ್ಮನ್ನರನ್ನೆಲ್ಲ ಸೈಬೀರಿಯಾ, ಕಝಾಕ್‌ಸ್ತಾನಗಳಿಗೆ ಗಡೀಪಾರು ಮಾಡಿದಾಗ, ತಂದೆ ಯಹೂದಿ ಅನ್ನುವ ಕಾರಣಕ್ಕೆ ಈ ಸಂಸಾರ ಉಳಿದುಕೊಂಡಿತು. ತಮಾಷೆ ನೋಡಿ, ಆ ವರ್ಷಗಳಲ್ಲಿ ನದಿಯಾಚೆ ಎರಡೆರಡು ಕನ್ಸರ್ವೇಟರಿಗಳ ಮೇಷ್ಟ್ರುಗಳು ಒಂದೇ ಕಟ್ಟಡದಲ್ಲಿ ತುಂಬಿದ್ದರು. ಈಚೆ ದಂಡೆಯ ಹುಡುಗನಿಗೆ ಸಂಗೀತ ಪಾಠವೇ ಇರಲಿಲ್ಲ. ಅವನು ಕಲಿಯಲು ಶುರುಮಾಡಿದ್ದು ಹನ್ನೆರಡರ ವಯಸ್ಸಿನಲ್ಲಿ, ತಂದೆಗೆ ವಿಯೆನ್ನಾದ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದ ಮೇಲೆ. ಮೊದಲ ವಾದ್ಯ ಅಕಾರ್ಡಿಯನ್. ಈಗ ಇಲ್ಲಿ ಅವರ ಹೆಸರಿನ ಸಂಗೀತ ಶಾಲೆಯಿದೆ. ನಾವು ಹೋದಾಗ ಬಾಗಿಲು ಹಾಕಿತ್ತು.

ಮಧ್ಯಾಹ್ನ ಮಳೆ ಹಿಡಿಯಿತು. ವಾಪಸ್ ಬಂದು ಮಲಗಿದೆ.

ಗುರುವಾರ, ಪರೀಕ್ಷೆ

ಮೇ ಕೊನೆ ಅಂದರೆ ಅಂತಿಮ ಪರೀಕ್ಷೆಗಳ ಕಾಲ. ಪ್ರೇಕ್ಷಕರಾಗಿ ಹೊರಗಿನವರೂ ಕೂರಬಹುದು. ಟೀಚರ್ ನಮ್ಮನ್ನು ಜನಪದ ವಾದ್ಯ ವಿಭಾಗದ ಪರೀಕ್ಷೆಗೆ ಕರೆದೊಯ್ದರು. ತಂತಿ ಮೀಟುವ ದೋಮ್ರಾ, ಬಲಲೈಕಾ, ಜೊತೆಗೆ ಬಯಾನ್. ಸೋಮವಾರ ಕಂಡ ಹಾರ್ಮೋನಿಕಾದ ದೊಡ್ಡ ತಮ್ಮ ಈ ಬಯಾನ್, ಎರಡೂ ಕಡೆ ಗುಂಡಿಗಳು. ಬೀದಿಯ ವಾದ್ಯಗಳಿಗೆ ಕನ್ಸರ್ವೇಟರಿ ಬಾಗಿಲು ತೆರೆದದ್ದು ಸೋವಿಯತ್ ಕಾಲದಲ್ಲಿ.

ಪರೀಕ್ಷಕರು ಸಾಲಾಗಿ ಕೂತಿದ್ದರು. ಮುಖದಲ್ಲಿ ನಗು ಇಲ್ಲ. ಮೊದಲು ದೋಮ್ರಾ ಹುಡುಗಿ, ಕೈ ನಡುಗುತ್ತಿತ್ತು, ಎರಡನೇ ಕೃತಿಯಲ್ಲಿ ಸರಿಹೋಯಿತು. ಆಮೇಲೆ ದಪ್ಪ ಕನ್ನಡಕದ ಬಯಾನ್ ಹುಡುಗ. ಮೊದಲು ಬಾಖ್. ಕಣ್ಣು ಮುಚ್ಚಿದರೆ ಪೈಪ್ ಆರ್ಗನ್ನೇ. ಒಂದು ಎಳೆ ಶುರುವಾಗಿ, ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಯಾವ ಎಳೆಯೂ ಇನ್ನೊಂದನ್ನು ತುಳಿಯಲಿಲ್ಲ. ನನ್ನ ಪಿಟೀಲು ಮೇಷ್ಟ್ರು ಕೇಳಿದ್ದರೆ ಭಲೆ ಅಂತಿದ್ದರು. ಕೊನೆಗೆ ಒಂದು ಜನಪದ ರಾಗದ ವಿಸ್ತಾರ, ಬೆರಳು ಕಾಣದಷ್ಟು ವೇಗ. ಹಾಸನದ ಹುಡುಗ ಶಿಳ್ಳೆ ಹಾಕಲು ಬಾಯಿಗೆ ಬೆರಳಿಟ್ಟ. ಕೈ ಹಿಡಿದು ತಡೆದೆ.

ಅಂಕ ಐದಕ್ಕೆ. ಕಾರಿಡಾರಿನಲ್ಲಿ ಒಂದು ಗಂಟೆ ಕಾದ ಮೇಲೆ ಫಲಿತಾಂಶ ಹೇಳಿದರು. ದೋಮ್ರಾಗೆ ನಾಲ್ಕು, ಬಯಾನ್‌ಗೆ ಐದು. ಮುಂದೇನು ಅಂತ ಕೇಳಿದೆ. ಇನ್ನೂರು ಕಿಲೋಮೀಟರ್ ದೂರದ ಬಲಾಶೋವ್‌ನಲ್ಲಿ ಮಕ್ಕಳ ಸಂಗೀತ ಶಾಲೆಯ ಬಯಾನ್ ಮೇಷ್ಟ್ರು ನಿವೃತ್ತರಾಗಿದ್ದಾರಂತೆ, ಸೆಪ್ಟೆಂಬರ್‌ನಿಂದ ಇವನು ಅಲ್ಲಿಗೆ. ಈಗ ಯಾರೂ ಬಲವಂತವಾಗಿ ಕಳಿಸುವುದಿಲ್ಲ. ಅವನೇ ಕೇಳಿಕೊಂಡದ್ದು, ಅವನ ಊರೇ ಅದು. ಆ ನಿವೃತ್ತ ಮೇಷ್ಟ್ರೇ ಇವನಿಗೆ ಏಳನೇ ವಯಸ್ಸಿನಲ್ಲಿ ಬಯಾನ್ ಹಿಡಿಯುವುದನ್ನು ಕಲಿಸಿದವರು. ಸಂಬಳ ಹೇಗೆ ಅಂತ ಹಾಸನದ ಹುಡುಗ ನೇರವಾಗಿ ಕೇಳಿಯೇಬಿಟ್ಟ. ಕಡಿಮೆ ಅಂದ. ವಾರಾಂತ್ಯದಲ್ಲಿ ಮದುವೆಗಳಲ್ಲಿ ನುಡಿಸಿದರೆ ಸರಿಹೋಗುತ್ತದಂತೆ. ಟೀಚರ್ ಕೇಳಿಸಿಕೊಂಡೂ ಕೇಳಿಸದವರ ಹಾಗೆ ಕಿಟಕಿ ಕಡೆ ತಿರುಗಿದರು.

ವಾದ್ಯ ಪೆಟ್ಟಿಗೆಗೆ ಹಾಕಿ ಅವನು ಟ್ರಾಮ್ ಹಿಡಿಯಲು ಹೊರಟ. ನಾನು ಹೊರ್ತೀನಿ ಅಂತ ನಮ್ಮವನು ಉತ್ಸಾಹದಿಂದ ಪೆಟ್ಟಿಗೆ ಎತ್ತಿದ. ಅದು ಹದಿನೈದು ಕಿಲೋ. ಎರಡನೇ ಲೈಟುಕಂಬದ ಹತ್ತಿರವೇ ಕೆಳಗಿಟ್ಟು, "ಅಕ್ಕಾ, ಇವರು ಕೊಳಲು ಕಲೀಬಾರದಿತ್ತಾ?" ಅಂದ.